ಕಂಬಳಿಯನ್ನು ಗಡೀಪಾರು ಮಾಡಿದ ಅತ್ತೆ

ಜಗಳದ ಮಧ್ಯೆ ಉಸಿರು ಕಟ್ಟಿದರೂ ನಮ್ಮ ಅತ್ತೆ ಸೋಲುತ್ತಿರಲಿಲ್ಲ. ಬಲಗೈ ಮೇಲೆತ್ತಿ ಎದುರಿನವರನ್ನು ಅಲ್ಲೇ ನಿಲ್ಲಿಸಿ, ಸೊಂಟದ ಚೀಲದಿಂದ ಇನ್ಹೇಲರ್ ತೆಗೆದು ಎಳೆದುಕೊಂಡು, ಒಂದಿಷ್ಟು ಸುಧಾರಿಸಿಕೊಂಡ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದಳು. ಅಷ್ಟು ಹೊತ್ತು ಎದುರಿನವರು ಕಾಯಬೇಕು, ಕಾಯುತ್ತಲೂ ಇದ್ದರು. ನಮ್ಮ ಕಡೆ ಹೆಂಗಸರು ಇನ್ಹೇಲರನ್ನು ಸೆರಗಿನಲ್ಲಿ ಮುಚ್ಚಿಟ್ಟು ಬಚ್ಚಲುಮನೆಗೆ ಹೋಗಿ ಎಳೆದುಕೊಳ್ಳುತ್ತಾರೆ. ಅದೊಂದು ಕೊನೆಗಾಲದ ಔಷಧಿ ಎಂಬ ಭಯ ಇನ್ನೂ ಹೋಗಿಲ್ಲ. ಚಿಂತಾಮಣಿಯ ಛತ್ರವೊಂದರಲ್ಲಿ ಊಟದ ಪಂಕ್ತಿಯಲ್ಲೇ ಅತ್ತೆ ಅದನ್ನು ಹೊರತೆಗೆದಾಗ ಪಕ್ಕದಾಕೆ, "ಎಲ್ರೂ ನೋಡ್ತಾರೆ ಕಣಮ್ಮ" ಅಂದರು. "ನೋಡ್ಲಿ ಬಿಡಿ. ನಾನೇನು ಕದ್ದು ಉಸಿರಾಡ್ತಾ ಇದೀನಾ?" ಅಂದಳು ಅತ್ತೆ.

ಮುನಿಲಕ್ಷ್ಮಮ್ಮ ಅಂತ ಹೆಸರು, ನನ್ನ ಅಪ್ಪನ ತಂಗಿ. ಗಂಡನ ಜೊತೆ ಆಗಿಬರದೆ ಶಿಡ್ಲಘಟ್ಟದ ನಮ್ಮ ಮನೆಗೆ ಬಂದು ಕೆಲವು ವರ್ಷ ಇದ್ದಳು. ಆ ವರ್ಷಗಳ ಬಗ್ಗೆ ಅವಳು ಹೇಳುತ್ತಿದ್ದದ್ದು ಇಷ್ಟೇ: "ಅನ್ನ ಹಾಕಿದ್ರು, ಇಲ್ಲ ಅನ್ನಲ್ಲ. ಫ್ಯಾನ್ ಹಾಕೋಕೂ ಕೇಳ್ಬೇಕಿತ್ತು." ಆಮೇಲೆ ಸಾದಲಿಯ ಕಡೆ ಒಂದು ತುಂಡು ಜಮೀನು ಹಿಡಿದು, ಹಿಪ್ಪುನೇರಳೆ ಬೆಳೆಸಿ, ರೇಷ್ಮೆ ಹುಳು ಸಾಕಿ, ಹುಳದ ಮನೆಗೆ ಅಂಟಿಕೊಂಡಂತೆ ತನಗೊಂದು ಮನೆ ಕಟ್ಟಿಕೊಂಡಳು. ಬಾಗಿಲಿಗೆ ತನ್ನಿಷ್ಟದ ಕಡು ನೀಲಿ ಬಣ್ಣ ಬಳಿದಳು. ಚೆನ್ನಾಗಿಲ್ಲ ಅಂದವರಿಗೆ ಕಾಫಿ ಸಿಗುತ್ತಿರಲಿಲ್ಲ.

ಆ ಮನೆಯ ಇನ್ನೊಬ್ಬ ನಿವಾಸಿ ಅಮಲ್ದಾರ ಎಂಬ ಬೂದು ಬಣ್ಣದ ಗಡವ ಬೆಕ್ಕು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಅಪ್ಪನನ್ನು ರೇಗಿಸಲೆಂದೇ ಅವರ ಮೇಲಧಿಕಾರಿಯ ಹುದ್ದೆಯಿಂದ ಇಟ್ಟ ಹೆಸರು. ರೇಷ್ಮೆ ಸಾಕುವವರಿಗೆ ಬೆಕ್ಕು ಮುದ್ದಿನ ಪ್ರಾಣಿಯಲ್ಲ, ಕೆಲಸದ ಆಳು. ಹುಳು ದಪ್ಪಗಾಗಿ ಗೂಡು ಕಟ್ಟುವ ಹೊತ್ತಿಗೆ ಇಲಿಗಳಿಗೆ ಹಬ್ಬ. ಹುಳು ತಿನ್ನುವ ಸೊಪ್ಪಿನ ಹತ್ತಿರ ವಿಷ ಇಡಲು ಅತ್ತೆ ಒಪ್ಪುತ್ತಿರಲಿಲ್ಲ. ಹಾಗಾಗಿ ಅಮಲ್ದಾರ ಹುಳು ಸಾಕುವ ತಟ್ಟೆ ತಟ್ಟೆಯನ್ನೂ ತಪಾಸಣೆ ಮಾಡಿ, ಕೆಲಸ ಮುಗಿಸಿ, ಚಳಿಗೆ ಅತ್ತೆಯ ಕಂಬಳಿಯೊಳಗೆ ಬಂದು ಮಲಗುತ್ತಿತ್ತು. ಇಷ್ಟು ಹೊತ್ತು ಎಲ್ಲಿ ಹೋಗಿದ್ದೆಯೋ ಎಂದು ಅದನ್ನು ಮಾತ್ರ ಅವಳು ತೆಲುಗಿನಲ್ಲಿ ಗದರುತ್ತಿದ್ದಳು: "ಎಕ್ಕಡ ಪೋಯಾವುರಾ ಇಂತಸೇಪು?"

ಉಬ್ಬಸ ಶುರುವಾದದ್ದು ನಲವತ್ತು ದಾಟಿದ ಮೇಲೆ. ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಅಲ್ಲಿನ ಡಾಕ್ಟರಿಗೆ ತೋರಿಸಿದೆ. ಯಾವುದು ಮೈಗೆ ಒಗ್ಗುವುದಿಲ್ಲವೆಂದು ತಿಳಿಯಲು ಮೊಳಕೈ ಕೆಳಗೆ ಸಾಲಾಗಿ ಚುಚ್ಚಿ ನೋಡಿದರು. ಬೆಕ್ಕಿನದೆಂದು ಗುರುತು ಹಾಕಿದ ಜಾಗ ಉದ್ದಿನಬೇಳೆಯಷ್ಟು ಊದಿಕೊಂಡಿತು. ಹುಳದ ಮನೆಯ ಧೂಳೂ ಒಳ್ಳೆಯದಲ್ಲ, ಆದರೆ ನಿಮಗೆ ಹೆಚ್ಚು ತೊಂದರೆ ಬೆಕ್ಕಿನಿಂದ, ಅದರ ಎಂಜಲು, ಚರ್ಮದ ಹೊಟ್ಟು ಗಾಳಿಯಲ್ಲಿ ಸೇರುತ್ತದೆ, ಅದನ್ನು ಮನೆಯಿಂದ ಕಳಿಸಿ ಅಂದರು.

"ಕಳಿಸ್ತೀನಿ. ಇಲಿ ಹಿಡಿಯೋಕೆ ನೀವು ಬರ್ತೀರಾ ಡಾಕ್ಟ್ರಮ್ಮ?" ಅಂದಳು ಅತ್ತೆ. ಡಾಕ್ಟರು ನಕ್ಕರು, ನನಗೆ ನಗು ಬರಲಿಲ್ಲ.

ಕಳಿಸುವ ಕೆಲಸವನ್ನು ಅಪ್ಪ ವಹಿಸಿಕೊಂಡರು. ಅತ್ತೆ ಸಂತೆಗೆ ಹೋದ ದಿನ ಅಮಲ್ದಾರನನ್ನು ಗೋಣಿಚೀಲಕ್ಕೆ ತುಂಬಿ, ದಾರಿ ಮರೆಯಲೆಂದು ಅಂಗಳದಲ್ಲಿ ಚೀಲವನ್ನು ಗಿರಗಿರನೆ ಸುತ್ತಿಸಿ, ಸ್ಕೂಟರಿನಲ್ಲಿ ಪೆರೇಸಂದ್ರದವರೆಗೂ ಹೋಗಿ ಹೆದ್ದಾರಿ ಪಕ್ಕದ ಹೋಟೆಲೊಂದರ ಹಿಂದೆ ಬಿಟ್ಟು ಬಂದರು. ಇಸ್ತ್ರಿ ಮಾಡಿದ ಅಂಗಿಯ ತೋಳು ಹರಿದು, ಕೈಯೆಲ್ಲ ಪರಚಿಹೋಗಿತ್ತು. ಅತ್ತೆ ಅಣ್ಣನ ಜೊತೆ ಮಾತು ಬಿಟ್ಟಳು.

ತಿಂಗಳು ಕಳೆಯಿತು. ಬೆಕ್ಕಿಲ್ಲ, ಉಬ್ಬಸ ಇದ್ದ ಹಾಗೇ ಇದೆ. ಅತ್ತೆಯ ಗೆಲುವನ್ನು ನೋಡಬೇಕಿತ್ತು. ಏದುಸಿರು ಬಿಡುತ್ತಲೇ ಅಪ್ಪನನ್ನೂ ಎಳೆದುಕೊಂಡು ಡಾಕ್ಟರ ಮುಂದೆ ಹೋಗಿ ಕೂತು, "ಈಗೇನಂತೀರಿ?" ಅಂದಳು. ಡಾಕ್ಟರು ಹಾಸಿಗೆ ಹೊದಿಕೆಯ ವಿಚಾರ ಕೇಳಿದರು. ಬೆಕ್ಕು ಮಲಗುತ್ತಿದ್ದ ಕಂಬಳಿಯನ್ನು, ಅದರ ನೆನಪಿಗೆಂದು ಒಗೆಯದೆ, ಅತ್ತೆ ದಿನವೂ ಮುಖದ ತನಕ ಹೊದ್ದು ಮಲಗುತ್ತಿದ್ದಳು. ಬೆಕ್ಕು ಹೋದರೂ ಅದರ ಅಂಶ ತಿಂಗಳುಗಟ್ಟಲೆ ಬಟ್ಟೆಯಲ್ಲಿ ಉಳಿಯುತ್ತದೆ ಎಂದು ಡಾಕ್ಟರು ವಿವರಿಸಿದರು.

ಅತ್ತೆ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ತಪ್ಪು ಕಂಬ್ಳಿದು," ಎಂದು ತೀರ್ಪು ಕೊಟ್ಟಳು.

ಮಾರನೆಯ ದಿನವೇ ಪೆರೇಸಂದ್ರಕ್ಕೆ ಬಸ್ಸು ಹತ್ತಿದಳು. ಹೋಟೆಲಿನ ಹಿಂದೆ ಉಂಡು ಕೊಬ್ಬಿದ್ದ ಅಮಲ್ದಾರನನ್ನು ಬುಟ್ಟಿಯಲ್ಲಿ ಕೂರಿಸಿ, ಬೆಕ್ಕಿಗೆ ಸೀಟಿಲ್ಲ ಅಂದ ಕಂಡಕ್ಟರಿಗೆ "ನಿಂತ್ಕೊಂಡೇ ಬರ್ತೀವಿ" ಎಂದು ಹೇಳಿ ವಾಪಸು ತಂದಳು. ಆಮೇಲೆ ಕಂಬಳಿಯನ್ನು ಅದೇ ಗೋಣಿಯಲ್ಲಿ ತುಂಬಿ ಅಪ್ಪನ ಕೈಗಿಟ್ಟಳು. "ಅಣ್ಣಯ್ಯ, ಇದುನ್ನ ಬಿಟ್ಬಾ. ಚೆನ್ನಾಗಿ ಸುತ್ಸು, ದಾರಿ ಗೊತ್ತಾಗ್ಬಾರ್ದು." ಅಪ್ಪ ತೆಗೆದುಕೊಂಡು ಹೋದರು.

ಕೊನೆಗೆ ಡಾಕ್ಟರೇ ಒಂದು ರಾಜಿ ಮಾಡಿಸಿದರು. ಬೆಕ್ಕು ಹುಳದ ಮನೆ ದಾಟಿ ಬರಬಾರದು, ಹೊದಿಕೆಯನ್ನು ವಾರವಾರ ಬಿಸಿನೀರಿನಲ್ಲಿ ಒಗೆಯಬೇಕು, ಬೆಳಗ್ಗೆ ಸಂಜೆ ಔಷಧಿ ಎಳೆದುಕೊಳ್ಳಬೇಕು. ಅತ್ತೆ ಒಪ್ಪಿದಳು, ಬಹುಮಟ್ಟಿಗೆ ಪಾಲಿಸಿದಳು ಕೂಡ. ಚಳಿಗಾಲದಲ್ಲಿ ಮಾತ್ರ ಅವಳ ಸೀರೆಯ ಮೇಲೆ ಬೂದು ಕೂದಲು ಕಾಣುತ್ತಿತ್ತು. ಕೇಳಿದರೆ ಹಿಪ್ಪುನೇರಳೆ ತೋಟದ ಕಡೆ ನೋಡುತ್ತಿದ್ದಳು.

ಹೋದ ಧನುರ್ಮಾಸದಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬಿಡುಗಡೆಯಾದ ದಿನ ನಮ್ಮ ಮನೆಗೆ ಹೋಗೋಣವೆಂದು ಎಷ್ಟು ಬೇಡಿದರೂ ಕೇಳದೆ ಸಾದಲಿಯ ದಾರಿ ಹಿಡಿಸಿದಳು. ನೀಲಿ ಬಾಗಿಲ ಮೆಟ್ಟಿಲ ಮೇಲೆ ಕೂತಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಆ ಬೆಕ್ಕಿಲ್ದಿದ್ರೆ ನೀನು ಇನ್ನೂ ಎಷ್ಟೋ ವರ್ಷ ಇರ್ತೀಯ ಅತ್ತೆ" ಅಂದೆ.

"ಇರ್ತೀನಿ. ಯಾರ ಮನೇಲಿ?"

ನಾನು ಔಷಧಿಯ ಚೀಲ ಕೆಳಗಿಡುತ್ತಿದ್ದಂತೆ ಅವಳೇ ಮುಂದುವರಿಸಿದಳು.

"ಬೆಕ್ಕು ಹೋದ್ರೆ ಇಲಿ ಬರ್ತವೆ. ಇಲಿ ಬಂದ್ರೆ ಹುಳ ಉಳಿಯಲ್ಲ. ಹುಳ ಇಲ್ದಿದ್ರೆ ನಾನು ಮತ್ತೆ ನಿಮ್ಮನೆ ಅಡುಗೆಮನೆ ಪಕ್ಕದ ರೂಮಲ್ಲಿ. ನಂಗೆ ಬೇಡ ಕಣಮ್ಮ." ಅದನ್ನು ಅವಳು ಜಗಳದ ದನಿಯಲ್ಲಿ ಹೇಳಲಿಲ್ಲ. ನಾನು ಅವಳನ್ನು ನೋಡಿದ್ದು ಅದೇ ಕೊನೆ.

ಉಬ್ಬಸವೇ ಅವಳನ್ನು ತೆಗೆದುಕೊಂಡು ಹೋಯಿತು. ಬೇರೆ ಏನೋ ಆಯಿತೆಂದು ನಾನು ಸುಳ್ಳು ಹೇಳುವುದಿಲ್ಲ. ಡಾಕ್ಟರು ಹೇಳಿದ್ದು ಸರಿಯಾಗಿತ್ತು, ಅತ್ತೆಗೂ ಅದು ಗೊತ್ತಿತ್ತು. ಅವಳ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ಮಣ್ಣು ಮಾಡಿ ಬಂದಾಗ ಹುಳದ ಮನೆಯಲ್ಲಿ ಹುಳುಗಳು ಹಸಿದಿದ್ದವು. ಗೂಡು ಕಟ್ಟಲು ಇನ್ನು ಕೆಲವೇ ದಿನ, ಹೊತ್ತುಹೊತ್ತಿಗೆ ಸೊಪ್ಪು ಬೀಳಲೇಬೇಕು. ಆದರೆ ಸೂತಕದವರು ಹುಳದ ಮನೆಗೆ ಕಾಲಿಡಬಾರದೆಂಬುದು ಕಟ್ಟಳೆ. ನೆಂಟರಲ್ಲಿ ಹಿರಿಯರೊಬ್ಬರು, "ಹುಳ ತಿಪ್ಪೆಗೆ ಹಾಕ್ಸಪ್ಪ. ಆ ಬೆಕ್ಕನ್ನೂ ಓಡ್ಸು, ಅದೇ ಅವಳನ್ನ ತಿಂದಿದ್ದು" ಅಂದರು. ಎಲ್ಲರೂ ಅಪ್ಪನ ಕಡೆ ನೋಡಿದರು. ಜನ್ಮದಲ್ಲಿ ಒಂದು ನಿಯಮವನ್ನೂ ಮೀರಿದವರಲ್ಲ ನನ್ನ ಅಪ್ಪ.

ಅಪ್ಪ ಒದ್ದೆ ಪಂಚೆಯಲ್ಲೇ ಎದ್ದು ಸೊಪ್ಪಿನ ಬುಟ್ಟಿ ಎತ್ತಿಕೊಂಡರು.

"ಇದು ನನ್ನ ತಂಗಿ ಮನೆ," ಅಂದರು. "ಇಲ್ಲಿ ಯಾರಿರ್ಬೇಕು ಅಂತ ಅವಳು ಹೇಳಾಗಿದೆ."

ಹುಳದ ಮನೆಯ ಬಾಗಿಲು ತೆಗೆದು ಒಳಗೆ ಹೋದರು. ಅಮಲ್ದಾರ ಅವರ ಕಾಲು ಸವರಿಕೊಂಡೇ ಒಳಗೆ ನುಗ್ಗಿತು. ನಾನೂ ಇನ್ನೊಂದು ಬುಟ್ಟಿ ತುಂಬಿಕೊಂಡು ಹಿಂದೆಯೇ ಹೋದೆ.