ತಮ್ಮನ ಲೈಬ್ರರಿ, ಅವನ ಹೆಂಡತಿಯ ಬೈಂಡಿಂಗ್

ನನ್ನ ತಮ್ಮನಿಗೆ ಹೊಟ್ಟೆಕಿಚ್ಚು ಹುಟ್ಟಿನಿಂದಲೇ ಬಂದದ್ದು. ಚಿಕ್ಕವನಿದ್ದಾಗ ನನ್ನ ಜ್ವರದ ಮೇಲೂ ಅಸೂಯೆಪಟ್ಟಿದ್ದ, ಅಮ್ಮ ನನ್ನ ಹಾಸಿಗೆ ಬಿಟ್ಟು ಏಳುವುದಿಲ್ಲವೆಂದು. ದೊಡ್ಡವನಾದ ಮೇಲೆ ಅದು ಹೆಂಡತಿಯ ಕಡೆ ತಿರುಗಿತು.

ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಅವನೊಂದು ಲೈಬ್ರರಿ ಬರೆದ, ಅಂದರೆ ಬೇರೆಯವರು ತಮ್ಮ ಪ್ರೋಗ್ರಾಮಿನಲ್ಲಿ ಬಳಸಿಕೊಳ್ಳುವ ಸಿದ್ಧ ಕೋಡು. ದೊಡ್ಡ ಫೈಲನ್ನು ಚೂರು ಮಾಡಿ, ಪ್ರತಿ ಚೂರಿಗೂ ನಕಲು ತೆಗೆದು, ಹತ್ತಾರು ಕಂಪ್ಯೂಟರುಗಳಲ್ಲಿ ಹಂಚಿಡುವುದು ಅದರ ಕೆಲಸ. ಒಂದು ಕೆಟ್ಟರೂ ಫೈಲು ಉಳಿಯುತ್ತದೆ. ಬರೆದದ್ದು ಸಿ ಎಂಬ ಕಷ್ಟದ ಕಂಪ್ಯೂಟರ್ ಭಾಷೆಯಲ್ಲಿ, ಮುಟ್ಟಲು ಜನ ಹೆದರಿದರು. ಅದೇ ಆಫೀಸಿನಲ್ಲಿದ್ದ ಅವನ ಹೆಂಡತಿ ಅದಕ್ಕೊಂದು ಬೈಂಡಿಂಗ್ ಬರೆದಳು. ಪೈಥಾನ್ ಎಂಬ ಸುಲಭದ ಭಾಷೆಯಲ್ಲಿ ಕೇಳಿದ್ದನ್ನು ಇವನ ಸಿ ಕೋಡಿಗೆ ಮುಟ್ಟಿಸುವ ಮಧ್ಯಸ್ಥಿಕೆ ಅದರದ್ದು. ಜನ ಮುಗಿಬಿದ್ದರು. ಎಲ್ಲೆಲ್ಲಿಂದಲೋ ಅವಳಿಗೆ ಧನ್ಯವಾದ ಬಂತು. ಲೈಬ್ರರಿ ಗಂಡನದೆಂದು ಅವಳು ಎಲ್ಲರಿಗೂ ತಿಳಿಸುತ್ತಿದ್ದಳು. ಅದರಿಂದ ಇವನ ಹೊಟ್ಟೆ ಇನ್ನಷ್ಟು ಉರಿಯಿತು.

ಅಡುಗೆ ತನ್ನದು, ಹೊಗಳಿಕೆ ಬಡಿಸಿದವಳಿಗೆ ಎಂದು ನನ್ನ ಮುಂದೆ ಗೊಣಗಿದ. ಬಡಿಸದಿದ್ದರೆ ನಿನ್ನ ಅಡುಗೆ ಹಳಸುತ್ತಿತ್ತು ಎಂದೆ. ಕೆಲವು ದಿನ ನನ್ನ ಜೊತೆ ಮಾತು ಬಿಟ್ಟ.

ಆಮೇಲೆ ಲೈಬ್ರರಿಯ ಹೊಸ ಆವೃತ್ತಿ ತಂದ. ಚೂರು ಎಷ್ಟು, ನಕಲು ಎಷ್ಟು ಎಂದು ಕೊಡುವ ಎರಡು ಸಂಖ್ಯೆಗಳನ್ನು ಹಿಂದುಮುಂದು ಮಾಡಿದ. ಹೀಗಿದ್ದರೇ ಲಕ್ಷಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಂದೇ ಮೇಜಿನಲ್ಲಿ ಪಕ್ಕ ಕೂರುವ ಹೆಂಡತಿಗೆ ಮಾತ್ರ ಹೇಳಲಿಲ್ಲ. ಅವಳ ಬೈಂಡಿಂಗ್ ಹಳೆಯ ಕ್ರಮದಲ್ಲೇ ಸಂಖ್ಯೆ ಕೊಡುತ್ತಾ ಹೋಯಿತು. ಇಪ್ಪತ್ತು ಚೂರು, ಮೂರು ನಕಲು ಕೇಳಿದವರಿಗೆ ಮೂರು ಚೂರು, ಇಪ್ಪತ್ತು ನಕಲು ಸಿಕ್ಕಿತು. ಡಿಸ್ಕುಗಳು ತುಂಬಿ ಎಷ್ಟೋ ಜನರ ಕೆಲಸ ನಿಂತುಹೋಯಿತು.

ಬೈಗುಳವೆಲ್ಲ ಅವಳಿಗೆ ಬಂತು. ಅವತ್ತು ನಾನು ಅವರ ಮನೆಯಲ್ಲೇ ಇದ್ದೆ. ಅವಳು ಹಳೆಯ ಕೋಡು, ಹೊಸ ಕೋಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬದಲಾದದ್ದೇನೆಂದು ಹಿಡಿದಳು.

"ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು ಹೇಳಬಹುದಿತ್ತಲ್ಲ?" ಎಂದಳು.

"ಹೇಳಿದ್ರೆ ನೀನು ಅವತ್ತೇ ಸರಿ ಮಾಡ್ಬಿಡ್ತಿದ್ದೆ" ಎಂದ ತಮ್ಮ.

ಬಾಯಿಂದ ಏನು ಬಂತೆಂದು ಆಮೇಲೆ ಅವನಿಗೇ ಹೊಳೆದು ಮುಖ ಸಣ್ಣದಾಯಿತು. ನನಗೂ ಅಲ್ಲಿ ಕೂರಲು ನಾಚಿಕೆಯಾಯಿತು. ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಒಳಕೋಣೆಗೆ ಹೋದಳು. ಸಂಜೆಯೊಳಗೆ ಬೈಂಡಿಂಗ್ ಸರಿಹೋಯಿತು.

ಅವಳು ಈ ಲೈಬ್ರರಿಗೆ ಮಾಡಿದ ಕೊನೆಯ ಕೆಲಸ ಅದು. ಈಗ ಬೇರೆ ಯಾರೋ ಬರೆದ ಲೈಬ್ರರಿಗೆ ಬೈಂಡಿಂಗ್ ಬರೆಯುತ್ತಿದ್ದಾಳೆ. ಆ ಮನುಷ್ಯನನ್ನು ತಮ್ಮ ನೋಡಿಯೂ ಇಲ್ಲ, ಆದರೂ ನನ್ನ ಮನೆಗೆ ಬಂದರೆ ಅವನದೇ ಮಾತು.