ಸುಮ್ಮನಾದ ಕೋಶಗಳ ಕೊಂಬೆ

ನಮ್ಮ ಚಿಕ್ಕಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ ಮನೆಯವರೆಲ್ಲ ತಡವರಿಸುತ್ತಿದ್ದೆವು. ನೊಣದ ಮರಿಯ ನರ ಬಿಡಿಸುತ್ತಾಳೆ ಎಂದರೆ ಕೇಳಿದವರು ನಗುತ್ತಿದ್ದರು. ಇದ್ದದ್ದು ಮಾತ್ರ ಅದೇ. ಇಪ್ಪತ್ತಾರು ವರ್ಷ ಸಂಶೋಧನಾಲಯದ ಮೂಲೆ ಮೇಜಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತು, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಂಬೆರೆಂಬೆ ಸಮೇತ ಪೆನ್ಸಿಲ್ಲಿನಲ್ಲಿ ಬಿಡಿಸಿದಳು. ಬೇರೆ ಕೋಶಗಳ ಸುದ್ದಿ ಬಂದು ಸೇರುವುದು ಆ ಕೊಂಬೆಗಳಿಗೇ. ಒಂದು ಎಳೆ ತಪ್ಪಿದರೂ ಹಾಳೆ ಹರಿದು ಮೊದಲಿನಿಂದ ಶುರು. ಇಂಥವಳಿಗೆ ಕರೆಂಟ್ ಬಿಲ್ಲು ಎಲ್ಲಿಟ್ಟೆನೆಂಬುದು ಮಾತ್ರ ಒಂದು ದಿನವೂ ನೆನಪಿರಲಿಲ್ಲ.

ಆ ವರ್ಷ ಅವಳ ಮೇಲಧಿಕಾರಿ ಡಾಕ್ಟರು ಕೆಲವು ಮರಿಗಳಲ್ಲಿ ಈ ಕೋಶಗಳಿಗೆ ಬರುವ ಸುದ್ದಿಯನ್ನೇ ತಡೆದಿದ್ದರು. ಕೆಲಸವಿಲ್ಲದ ಕೋಶ ಸೊರಗುತ್ತದೆ ಎಂದು ಅವರ ಊಹೆ. ಆದರೆ ಚಿಕ್ಕಮ್ಮನ ಚಿತ್ರಗಳಲ್ಲಿ ಮಿಕ್ಕ ಕೋಶಗಳಿಗಿಂತ ಅವುಗಳ ಕೊಂಬೆಗಳೇ ಉದ್ದವಾಗಿದ್ದವು. ಮರಿಗಳನ್ನಿಟ್ಟ ಗಾಜುಪಟ್ಟಿಗಳ ಚೀಟಿ ಅದಲುಬದಲಾಗಿದೆ ಎಂದು ಡಾಕ್ಟರು ತೀರ್ಮಾನಿಸಿದರು. ನಿಮಗೂ ವಯಸ್ಸಾಯಿತು, ಇನ್ನು ಕಂಪ್ಯೂಟರೇ ಬಿಡಿಸಲಿ ಎಂದೂ ಸೇರಿಸಿದರು. ಆ ಮನುಷ್ಯನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಆದರೆ ಚಿಕ್ಕಮ್ಮನದೂ ಒಂದು ತಪ್ಪಿತ್ತು. ಯಾವ ಗಾಜುಪಟ್ಟಿ ಯಾವ ಗುಂಪಿನದೆಂದು ಬಿಡಿಸುವವರಿಗೆ ಗೊತ್ತಿರಬಾರದು ಎಂಬುದು ಅಲ್ಲಿಯ ನಿಯಮ. ಅವಸರದಲ್ಲಿ ಆ ಚೀಟಿಗಳನ್ನು ಅವಳೇ ಬರೆದು ಅಂಟಿಸಿದ್ದಳು. ಅದನ್ನು ಒಪ್ಪಿಕೊಂಡು ಇನ್ನೊಂದು ಅವಕಾಶ ಕೇಳಿದಳು. ಹೊಸ ಮರಿಗಳಿರಲಿ, ಗುರುತು ಬೇರೆಯವರು ಹಾಕಲಿ, ಈ ಸಲ ಆ ಕೊಂಬೆಗಳು ಉದ್ದ ಬರದಿದ್ದರೆ ಮೇಜು ಬಿಟ್ಟು ಹೋಗುತ್ತೇನೆ ಎಂದಳು.

ಮೂರು ವಾರದಲ್ಲಿ ಅರವತ್ತು ಕೋಶ ಬಿಡಿಸಿದಳು. ಮನೆಗೆ ಬಂದರೆ ತಟ್ಟೆಯಲ್ಲಿದ್ದದ್ದನ್ನು ಕೆದಕಿ ಎದ್ದುಬಿಡುತ್ತಿದ್ದಳು. ನನಗಂತೂ ನೋಡಲಾಗುತ್ತಿರಲಿಲ್ಲ.

ಯಾವ ಕೋಶ ಯಾವ ಗುಂಪಿನದೆಂಬ ಗುರುತಿನ ಪಟ್ಟಿ ತೆರೆದ ಸಂಜೆ ಅವಳನ್ನು ಕರೆದುಕೊಂಡು ಬರಲು ಹೋದ ನಾನು ಬಾಗಿಲಲ್ಲೇ ನಿಂತೆ. ಡಾಕ್ಟರು ಚಿತ್ರಗಳನ್ನು ಎರಡು ಗುಂಪು ಮಾಡಿ ಅಳತೆ ನೋಡಿದರು. ಸುದ್ದಿ ನಿಂತ ಕೋಶಗಳ ಕೊಂಬೆಗಳೇ ಮತ್ತೆ ಉದ್ದ. ಅವರು ಕನ್ನಡಕ ತೆಗೆದು, ನಾನು ಹಾಗೆ ಅನ್ನಬಾರದಿತ್ತು ಎಂದು ಎಲ್ಲರೆದುರೇ ಕ್ಷಮೆ ಕೇಳಿದರು.

"ಸುದ್ದಿ ಬರ್ದೇ ಇದ್ರೆ ಹುಡುಕ್ಕೊಂಡು ಹೋಗ್ಬೇಕಲ್ಲ ಸರ್, ಪಾಪ ಅವು," ಎಂದಳು ಚಿಕ್ಕಮ್ಮ.

ಮೆಟ್ಟಿಲಿಳಿಯುವಾಗ, ನೀನು ತಪ್ಪು ಮಾಡಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು ಎಂದು ಜಂಬ ಕೊಚ್ಚಿದೆ. ಅವಳು ಕಂಬಿ ಹಿಡಿದು ನಿಂತುಬಿಟ್ಟಳು. ಕಣ್ಣು ತುಂಬಿತ್ತು.

"ನಂಗೆ ಗೊತ್ತಿರ್ಲಿಲ್ಲ ಕಣೋ. ಚೀಟಿ ನಾನೇ ಅದಲುಬದಲು ಮಾಡಿದೀನಿ ಅಂತಾನೇ ಅಂದ್ಕೊಂಡಿದ್ದೆ."

ಹಾಗೆ ಅಂದುಕೊಂಡೇ ಅರವತ್ತನ್ನೂ ಒಂದು ಎಳೆ ಬಿಡದೆ ಬಿಡಿಸಿದ್ದಳು.