ಇಲ್ಲದ ರಾಜ್ಯದ ಕರಾವಳಿ

ನಮ್ಮ ಮನೆಯವರು ಇಪ್ಪತ್ತೇಳು ವರ್ಷ ಬರೆದದ್ದು ಒಂದೇ ಕರಾವಳಿ. ಸರ್ವೆ ಕಚೇರಿಯ ನಕ್ಷೆ ವಿಭಾಗದಲ್ಲಿ ಅವರ ಪಾಲಿಗೆ ಬಂದದ್ದು ನಲವತ್ತು ಮೈಲಿ ಕಡಲಂಚು. ಕಡಲು ದಡವನ್ನು ಕೊರೆದಂತೆಲ್ಲ ಹಳೆಯ ನಕ್ಷೆಯ ಮೇಲೆ ತೆಳುಹಾಳೆಯಿಟ್ಟು ಅದನ್ನೇ ತಿದ್ದಿ ಬರೆಯಬೇಕು. ಆ ಕಡಲನ್ನು ಅವರು ಒಮ್ಮೆಯೂ ಕಣ್ಣಾರೆ ಕಂಡಿಲ್ಲ ಎಂಬುದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನನಗೆ ತಿಳಿಯಿತು. ಕೇಳಿದರೆ, "ಗೆರೆ ನೋಡಿದೀನಲ್ಲ, ಸಾಲ್ದಾ?" ಎಂದರು. ಅಂಥ ಮನುಷ್ಯ.

ವಿಭಾಗ ಮುಚ್ಚಿದ ಮೇಲೆ ಎರಡು ವರ್ಷ ಸುಮ್ಮನೆ ಕೂತರು. ಊಟಕ್ಕೆ ಕರೆದರೆ ಮಾತ್ರ ಏಳುವುದು. ಕೊನೆಗೆ ಮಗಳು ತನ್ನ ಹಳೆಯ ಕಂಪ್ಯೂಟರ್ ತಂದಿಟ್ಟು, ಚಿತ್ರ ತಿದ್ದುವ ಸಾಫ್ಟ್‌ವೇರ್ ಕಲಿಸಿ, ಮಾಯಾಲೋಕದ ಕಾದಂಬರಿಗಳನ್ನು ಹೊರತರುವ ಸಂಪಾದಕಿಯೊಬ್ಬರಿಗೆ ಪರಿಚಯಿಸಿದಳು. ಪುಸ್ತಕದ ಮೊದಲ ಪುಟಕ್ಕೆ ಇಲ್ಲದ ರಾಜ್ಯದ ನಕ್ಷೆ ಬೇಕು, ನೋಡಿದವರು ಇದೆ ಎಂದು ನಂಬಬೇಕು. ಇವರು ಮೌಸನ್ನು ಬೈಯುವಾಗ ನಾನು, "ಕುಣಿಲಾರದವಳು ನೆಲ ಡೊಂಕು ಅಂದಳಂತೆ" ಎಂದು ಕಾಲೆಳೆಯುತ್ತಿದ್ದೆ. ಆದರೆ ದಿನಾ ಗಡ್ಡ ಬೋಳಿಸಿಕೊಳ್ಳತೊಡಗಿದ್ದರು. ನನಗೆ ಅಷ್ಟೇ ಸಾಕಿತ್ತು.

ಎರಡನೆಯ ನಕ್ಷೆ ಕಳಿಸಿದ ವಾರ ಸಂಪಾದಕಿಯ ಫೋನ್ ಬಂತು.

"ಸರ್, ಎರಡರಲ್ಲೂ ಪಶ್ಚಿಮದ ದಡ ಒಂದೇ. ಅದೂ ನಿಜವಾಗ್ಲೂ ಇರೋ ಜಾಗದ್ದು. ಮೊದಲ ಪುಸ್ತಕ ಓದಿದೋರು ಒಬ್ರು ಅಸಲಿ ನಕ್ಷೆ ಪಕ್ಕದಲ್ಲಿಟ್ಟು ಕಳಿಸಿದಾರೆ. ಶುಕ್ರವಾರದೊಳಗೆ ಹೊಸದು ಕೊಡಿ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ತೀವಿ."

ಇವರು ನಕಲು ಮಾಡಿರಲಿಲ್ಲ, ನನ್ನಾಣೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಚೇರಿಗುಣವೂ ಹೋಗದೆಂದು ಆ ವಾರ ಕಂಡೆ. ಎಡಗೈಯಲ್ಲಿ ಬರೆದರು, ಹಾಳೆ ತಲೆಕೆಳಗು ಮಾಡಿ ಬರೆದರು, ಕಣ್ಣು ಮುಚ್ಚಿ ಬರೆದರು. ಪ್ರತಿ ಸಲವೂ ಕಚೇರಿಯ ಆ ನಲವತ್ತು ಮೈಲಿಯದೇ, ಕೊಕ್ಕೆಯಂತೆ ಬಾಗಿದ ಅದೇ ಕೊಲ್ಲಿ, ಅದರ ಕೆಳಗೆ ಅವೇ ಮೂರು ಬಂಡೆ. ಬುಧವಾರ ಪೆನ್ಸಿಲ್ ಎಸೆದು ಅತ್ತುಬಿಟ್ಟರು.

"ನನ್ನೊಳಗೆ ಬೇರೆ ಏನೂ ಇಲ್ಲ ಕಣೇ," ಎಂದರು. ನಾನು ಪೆನ್ಸಿಲ್ ಹುಡುಕಿ ತಂದು ಮೇಜಿನ ಮೇಲಿಟ್ಟೆ.

ಗುರುವಾರ ಮಗಳು ಫೋನಿನಲ್ಲಿ ಉಪಾಯ ಹೇಳಿದಳು. ಸಾಫ್ಟ್‌ವೇರಿನಲ್ಲಿ ಮೋಡ ಹರಡುವ ಒಂದು ಗುಂಡಿಯಿದೆ. ಒತ್ತಿದರೆ ಪರದೆ ತುಂಬ ಬೂದು ಮೋಡ. ಆಮೇಲೆ ಪರದೆಯಂಚಿನ ಒಂದು ಕಡ್ಡಿಯನ್ನು ಮೌಸಿನಿಂದ ಸರಿಸಿದರೆ ಮಬ್ಬು ಇದ್ದದ್ದೆಲ್ಲ ಕಪ್ಪು, ತಿಳಿ ಇದ್ದದ್ದೆಲ್ಲ ಬಿಳಿ. ಬಿಳಿ ನೆಲ, ಕಪ್ಪು ಕಡಲು, ನಡುವೆ ನೀರು ಕಚ್ಚಿ ಕಚ್ಚಿ ಬಿಟ್ಟಂಥ ಅಂಚು. ಒತ್ತಿದಷ್ಟು ಸಲವೂ ಬೇರೆ ಕರಾವಳಿ.

ಇವರಿಗೆ ಅದು ಒರಟಾಗಿ ಕಂಡಿತು. ಪಶ್ಚಿಮದ ಕಡೆ ಸ್ವಲ್ಪ ತಿದ್ದುತ್ತೇನೆಂದು ಸಾಫ್ಟ್‌ವೇರಿನ ಕುಂಚ ಹಿಡಿದರು. ಮಧ್ಯಾಹ್ನ ನೀರು ಕೊಡಲು ಹೋದೆ. ನಕ್ಷೆಯ ಗಂಧಗಾಳಿ ಇಲ್ಲದ ನಾನೂ ಗುರುತು ಹಿಡಿದೆ.

"ಕೊಕ್ಕೆ ಬಂತು, ನೋಡಿ."

ಅಳಿಸಿದರು. ಇನ್ನೊಂದು ಮಾಡಿ, ತಿದ್ದಿ, ಅದನ್ನೂ ಅಳಿಸಿದರು. ಶುಕ್ರವಾರ ಬೆಳಿಗ್ಗೆ ಮೋಡದ ಗುಂಡಿ ಒತ್ತಿ, ಕಡ್ಡಿ ಸರಿಸಿ, ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡರು. "ನಾನು ಮುಟ್ಟಲ್ಲ. ನೀನೇ ಕಳಿಸು."

ಕಳಿಸಿದೆ. ಸಂಜೆಗೆ ಸಂಪಾದಕಿಯ ದನಿಯಲ್ಲಿ ಸಕ್ಕರೆ. "ಸರ್, ನೀವು ಮಾಡಿದ್ರಲ್ಲೆಲ್ಲ ಇದೇ ಚೆನ್ನಾಗಿರೋದು. ಎಷ್ಟು ಸಹಜವಾಗಿದೆ. ಮುಂದಿನ ಆರು ಪುಸ್ತಕಕ್ಕೂ ನೀವೇ."

"ಆಗಲಿ ಮೇಡಂ," ಎಂದು ಫೋನ್ ಇಟ್ಟು ಕುರ್ಚಿಯಿಂದ ಎದ್ದರು. "ಕೂತ್ಕೋ. ಮುಂದಿನದು ನೀನು ಮಾಡು. ಯಾರು ಒತ್ತಿದ್ರೂ ಒಂದೇ." ಒಳಗೆ ಹೋಗಿ ಮಲಗಿದರು.

ನನಗೆ ರೇಗಿತು. ಆ ಸಿಟ್ಟಿನಲ್ಲೇ ಕೂತು ಒತ್ತಿದೆ. ಕಡ್ಡಿ ಸರಿಸಿದೆ. ಚೆಂದದ ಕರಾವಳಿ ಬಂತು.

"ಹೇಗೆ ಬಂತು?" ಒಳಗಿನಿಂದ ಕೇಳಿದರು.

"ನಂಗೆಲ್ಲಿ ಬರುತ್ತೆ? ಕೆಟ್ಟದಾಗಿದೆ, ಬಂದು ಸರಿಮಾಡಿ," ಎಂದು ಸುಳ್ಳು ಹೇಳಿ ಕುರ್ಚಿ ಬಿಟ್ಟು ನಿಂತೆ. ಬಹಳ ಹೊತ್ತು ನಿಂತೇ ಇದ್ದೆ. ಅವರು ಬರಲಿಲ್ಲ.